ಕೇಳಿಸಿದ್ದೆಲ್ಲ ಕಾಣಬೇಕು

ರಾತ್ರಿ ಹನ್ನೊಂದು. ಫ್ಯಾನ್ ಆಫ್ ಮಾಡಿ, ಕಿಟಕಿಗೆ ಕಂಬಳಿ ಕಟ್ಟಿ ಈಗಷ್ಟೇ ಒಂದು ಹಾಡು ರೆಕಾರ್ಡ್ ಮಾಡಿದೆ. ಬೆವರು ಇನ್ನೂ ಆರಿಲ್ಲ.

ಹೀಗೆ ಕೂತಾಗಲೆಲ್ಲ ಜಾಕ್ ಕಾಂಟೆ ನೆನಪಾಗುತ್ತಾರೆ. 2008ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಟಾಲಿ ಡಾನ್ ಜೊತೆ ಪಾಂಪ್ಲಮೂಸ್ ಅನ್ನೋ ಇಬ್ಬರದೇ ಬ್ಯಾಂಡ್ ಶುರು ಮಾಡಿದವರು. ತಾವೇ ಹಾಡಿ, ನುಡಿಸಿ, ಶೂಟ್ ಮಾಡಿ, ಎಡಿಟ್ ಮಾಡಿ ಯೂಟ್ಯೂಬಿಗೆ ಹಾಕುತ್ತಿದ್ದರು. ಅವರ ನಿಯಮ ಎರಡೇ. ಕಾಣುವುದೇ ಕೇಳಿಸಬೇಕು, ಸುಮ್ನೆ ತುಟಿ ಆಡಿಸುವುದು ಬೇಡ. ಕೇಳಿಸಿದ್ದೆಲ್ಲ ಒಮ್ಮೆಯಾದರೂ ಕಾಣಬೇಕು. ಚಪ್ಪಾಳೆ ಸದ್ದು ಬಂದರೆ ಆ ಕೈಯನ್ನೂ ತೋರಿಸಬೇಕು. ಎಷ್ಟು ಪ್ರಾಮಾಣಿಕ ಅಲ್ವಾ!

ಮುಂದೆ ಜಾಕ್ ತಮ್ಮದೊಂದು ವಿಡಿಯೊಗೆ ತಿಂಗಳುಗಟ್ಟಲೆ ದುಡಿದರು, ಸಾವಿರಾರು ಡಾಲರ್ ಸುರಿದರು. ಜಾಹೀರಾತಿನಿಂದ ಬಂದದ್ದು ಪುಡಿಗಾಸು. 2013ರಲ್ಲಿ ಸ್ಯಾಮ್ ಯಾಮ್ ಜೊತೆ ಸೇರಿ ಪೇಟ್ರಿಯಾನ್ ಅನ್ನೋ ವೆಬ್‌ಸೈಟ್ ಕಟ್ಟಿದರು. ಇಷ್ಟಪಟ್ಟವರೇ ನೇರವಾಗಿ ಕೈಲಾದಷ್ಟು ಕೊಡುವ ದಾರಿ ಅದು. ನನ್ನಂಥ ಎಷ್ಟು ಜನರ ಬಾಡಿಗೆ ಅದರಿಂದ ನಡೆಯುತ್ತಿದೆಯೋ.

ನನ್ನ ಹೋದ ಹಾಡನ್ನು ನೋಡಿದವರು 214 ಜನ. ಅವರಲ್ಲಿ ಪರಿಚಯವೇ ಇಲ್ಲದ ಒಬ್ಬರು, 'ತಾಳ ಹಾಕಿದ್ದು ಅಕ್ಕಿ ಡಬ್ಬದ ಮೇಲಾ?' ಅಂತ ಕೇಳಿದ್ದರು. ಹೌದು, ಅಮ್ಮನ ಡಬ್ಬ. ಆ ಒಂದು ಸಾಲಿಗೆ ವಾರವಿಡೀ ಖುಷಿಯಾಗಿದ್ದೆ.

ಇವತ್ತಿನ ಹಾಡಿನಲ್ಲೂ ಅದೇ ಡಬ್ಬ ಇದೆ, ಎರಡನೇ ಚರಣದಲ್ಲಿ. ಫ್ರೇಮಿನಲ್ಲೂ ಕಾಣುತ್ತದೆ.