ಕಾಫಿ ಏನು ತಿಂಡಿನಾ?

"ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೇ ತಗೋತೀನಿ ಡಾಕ್ಟ್ರೇ. ಕಾಫಿ ಜೊತೆ."

ಮಂಗಳವಾರ ಅಮ್ಮ ಹೀಗೆಂದಾಗ ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಕಾಫಿ ಕುಡಿದ್ರೆ ಹೊಟ್ಟೆ ಖಾಲಿ ಹೇಗಮ್ಮಾ?"

"ಕಾಫಿ ಏನು ತಿಂಡಿನಾ?"

ನಾನು ಜೋರಾಗಿ ನಕ್ಕೆ. ಆಮೇಲೆ ಕೈಯಲ್ಲಿದ್ದ ರಿಪೋರ್ಟ್ ನೋಡಿದೆ. ಟಿಎಸ್‌ಎಚ್ 11. ಹೆಚ್ಚೂಕಮ್ಮಿ 4ರ ಒಳಗಿರಬೇಕು. 3 ವರ್ಷದಲ್ಲಿ ಮಾತ್ರೆ 50 ಮೈಕ್ರೋಗ್ರಾಂನಿಂದ 75, ಅಲ್ಲಿಂದ 100 ಆಗಿದೆ. ಹಳೇ ಡಾಕ್ಟರು ಪ್ರತಿಸಲ ಡೋಸ್ ಏರಿಸಿದರೇ ಹೊರತು, ಹೇಗೆ ನುಂಗ್ತೀರಿ ಅಂತ ಕೇಳಲಿಲ್ಲ. ನಾವೂ ಕೇಳಲಿಲ್ಲ ಅನ್ನಿ.

ಟಿಎಸ್‌ಎಚ್ ಅನ್ನೋದು ಥೈರಾಯ್ಡಿನಿಂದ ಬರೋದೇ ಅಲ್ಲವಂತೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ, ಕತ್ತಿನಲ್ಲಿರುವ ಥೈರಾಯ್ಡಿಗೆ "ಕೆಲಸ ಮಾಡೇ" ಅಂತ ಕೂಗೋದು ಅದು. ಥೈರಾಯ್ಡ್ ಸುಸ್ತಾದಷ್ಟೂ ಪಿಟ್ಯುಟರಿಯ ಕೂಗು ಜೋರು. ಅಂದರೆ ಟಿಎಸ್‌ಎಚ್ ಜಾಸ್ತಿ ಇರೋ ಅಮ್ಮನಿಗೆ ಥೈರಾಯ್ಡ್ ಕಮ್ಮಿ. ಚಿಕ್ಕಮ್ಮ ಮಾತ್ರ "ಅಕ್ಕಂಗೆ ಥೈರಾಯ್ಡ್ ಜಾಸ್ತಿ" ಅಂತ ಊರಿಗೆಲ್ಲ ಸಾರಿ, ಎಲೆಕೋಸು ಬಿಡಿಸಿದ್ದಳು. ಪಾಪ, ಕೋಸಿನ ಪಲ್ಯ ಏನು ಮಾಡಿತ್ತು? ಮಾತ್ರೆ ಮೈಗೆ ಹತ್ತದ ಹಾಗೆ ಮಾಡಿದ್ದು ಕಾಫಿ, ಮತ್ತೆ ತಿಂಡಿಯಾದ ಕೂಡಲೇ ನುಂಗುತ್ತಿದ್ದ ಕ್ಯಾಲ್ಸಿಯಂ. ಮಾತ್ರೆಗೂ ಕ್ಯಾಲ್ಸಿಯಂಗೂ 4 ಗಂಟೆ ಅಂತರ ಬೇಕಂತೆ. ಈ ಡಾಕ್ಟರಮ್ಮ ಡೋಸ್ ಮುಟ್ಟಲಿಲ್ಲ. 6 ವಾರ ಬಿಟ್ಟು ರಕ್ತ ಕೊಡಿ ಅಂದರು.

ಏಪ್ರಿಲ್ ಸೆಕೆಯಲ್ಲೂ ಅಮ್ಮ ಸ್ವೆಟರ್ ಹಾಕುತ್ತಿದ್ದಳು. ಬಾಚಣಿಗೆ ತುಂಬ ಕೂದಲು. ಬೆಳಿಗ್ಗೆ ಹನ್ನೊಂದಕ್ಕೇ ಹೋಗಿ ಮಲಗುತ್ತಿದ್ದಳು. "ಸೋಮಾರಿ ಆಗ್ಬಿಟ್ಟೆ ಅಮ್ಮ ನೀನು" ಅಂದವಳು ನಾನೇ. "ಹೌದು ಕಣೆ" ಅಂದಿದ್ದಳು. ಆಗ ಒಂದು ಜಗಳ ಆಡಬಾರದಿತ್ತಾ? ಅವಳೂ ಅದನ್ನು ನಂಬಿಬಿಟ್ಟಿದ್ದಳಲ್ಲ, ಅದು ಈ ವಾರವೆಲ್ಲ ಚುಚ್ಚುತ್ತಿದೆ.

ಇನ್ನೊಂದು ಸಂಗತಿ. ಆ ಕಾಫಿ ಕೊಡುತ್ತಿದ್ದವರು ಅಪ್ಪ. ಅಡುಗೆಮನೆಗೆ ಕಾಲಿಡದ ಮನುಷ್ಯ, ಅಮ್ಮನಿಗೆ ಥೈರಾಯ್ಡ್ ಅಂದಮೇಲೆ ಡಿಕಾಕ್ಷನ್ ಇಳಿಸೋದು ಕಲಿತರು. ದಿನಾ ಬೆಳಿಗ್ಗೆ ತಟ್ಟೆಯಲ್ಲಿ ನೊರೆಯೆದ್ದ ಲೋಟ, ಪಕ್ಕದಲ್ಲಿ ಕಡಲೆಬೇಳೆಯಷ್ಟು ಬಿಳಿ ಮಾತ್ರೆ. ಮಂಗಳವಾರ ವಿಷಯ ಹೇಳಿದಾಗ ಏನೂ ಅನ್ನಲಿಲ್ಲ. ಎದ್ದು ಹೋಗಿ ಲೋಟ ತೊಳೆದರು. ಅದು ಆಗಲೇ ತೊಳೆದಿಟ್ಟ ಲೋಟ.

ಈಗ 6ಕ್ಕೆ ಮಾತ್ರೆ, ಬರೀ ನೀರು. 7ಕ್ಕೆ ಕಾಫಿ. ನಡುವೆ ಅಪ್ಪ ಗಡಿಯಾರದ ಎದುರು ಕುರ್ಚಿ ಹಾಕಿಕೊಂಡು ಕೂರುತ್ತಾರೆ. ತಾವೂ ಕುಡಿಯಲ್ಲ. ಇವತ್ತು ಅಮ್ಮ ರೂಮಿನಿಂದಲೇ ಕೇಳಿದಳು, "ಡಿಕಾಕ್ಷನ್ ಘಮ ಬರ್ತಿದೆ, ಆಯ್ತೇನ್ರೀ?"

"ಇನ್ನೂ ಹದಿನೈದು ನಿಮಿಷ ಇದೆ. ಸುಮ್ನೆ ಮಲ್ಕೋ."