ತಂದೆಯವರ ಜೋಡುನಳಿಗೆ ಬಂದೂಕು ನನ್ನ ಹೆಸರಿಗೆ: ಈವರೆಗಿನ ಪ್ರಗತಿ

ಜಗಳೂರು ತಾಲ್ಲೂಕಿನ ನಮ್ಮ ಹೊಲಮನೆಯ ಕಾವಲಿಗೆಂದು ತಂದೆಯವರು ದಶಕಗಳ ಹಿಂದೆ ಪರವಾನಗಿ ಪಡೆದು ಖರೀದಿಸಿದ್ದ 12 ಬೋರಿನ ಜೋಡುನಳಿಗೆ ಬಂದೂಕನ್ನು ಕಾನೂನಿನ ಪ್ರಕಾರ ನನ್ನ ಹೆಸರಿಗೆ ಮಾಡಿಸಿಕೊಳ್ಳುವ ಕೆಲಸವನ್ನು ಈ ಮುಂಗಾರಿನಲ್ಲಿ ಆರಂಭಿಸಿದೆ. ಪರವಾನಗಿದಾರರು ತೀರಿಕೊಂಡ ಬಳಿಕವಷ್ಟೇ ಇದು ಸಾಧ್ಯ ಎಂಬ ನಂಬಿಕೆ ನಮ್ಮ ಕಡೆ ಇದೆ. ಆದರೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಪರವಾನಗಿದಾರರಿಗೆ 70 ವರ್ಷ ತುಂಬಿದ್ದರೆ ಅಥವಾ ಅವರು ಆ ಬಂದೂಕನ್ನು 25 ವರ್ಷ ಇಟ್ಟುಕೊಂಡಿದ್ದರೆ, ಇವೆರಡರಲ್ಲಿ ಯಾವುದು ಮೊದಲೋ ಅದರಂತೆ, ತಾವು ಬದುಕಿರುವಾಗಲೇ ಒಬ್ಬ ವಾರಸುದಾರನನ್ನು ಸೂಚಿಸಬಹುದು. ತಂದೆಯವರ ವಿಷಯದಲ್ಲಿ ಎರಡೂ ಆಗಿವೆ.

ಊರಿನಲ್ಲಿ ಸುದ್ದಿ ಹಬ್ಬಿದ ಮೇಲೆ ಎದುರಾದವರೆಲ್ಲ ಕೇಳುವುದು ಒಂದೇ: "ಹಂಗಾದ್ರೆ ಇನ್ನು ಶಿಕಾರಿನಾ ಅಣ್ಣಾರೆ?" ಅಲ್ಲ ಎಂದು ಇಲ್ಲಿಯೇ ಸ್ಪಷ್ಟಪಡಿಸುತ್ತೇನೆ. 1959ರ ಶಸ್ತ್ರಾಸ್ತ್ರ ಕಾಯ್ದೆಯು ಬಂದೂಕನ್ನು ಇಟ್ಟುಕೊಳ್ಳಲು ಅನುಮತಿ ಕೊಡುತ್ತದೆ. ಬೇಟೆಯಾಡುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸಿದೆ. ಮೊದಲನೆಯದರ ಪರವಾನಗಿ ಕೈಯಲ್ಲಿದೆ ಎಂದ ಮಾತ್ರಕ್ಕೆ ಎರಡನೆಯದರಿಂದ ಯಾವ ವಿನಾಯಿತಿಯೂ ದೊರೆಯುವುದಿಲ್ಲ. ಕಾಡುಹಂದಿ ಈಗ ಆ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ, ಅಂದರೆ ರಕ್ಷಿತ ಪ್ರಾಣಿಗಳ ಎರಡನೇ ಪಟ್ಟಿಯಲ್ಲಿ, ಇದೆ. ನಿಂತ ಬೆಳೆಗೆ ಅಪಾಯ ಒಡ್ಡುವ ಇಂಥ ಪ್ರಾಣಿಯನ್ನು ಕೊಲ್ಲಲು ರಾಜ್ಯ ಅರಣ್ಯ ಇಲಾಖೆಯ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ ಕಾರಣ ದಾಖಲಿಸಿ, ಲಿಖಿತವಾಗಿ ಅನುಮತಿ ನೀಡಬೇಕು. ಪ್ರಾಣರಕ್ಷಣೆಗಾಗಿ ಅನಿವಾರ್ಯವಾಗಿ ಕೊಂದ ಪ್ರಾಣಿಯೂ ಸರ್ಕಾರದ ಸ್ವತ್ತೇ ಹೊರತು ಕೊಂದವರದ್ದಲ್ಲ. ಹಂದಿಯ ಮಾಂಸದ ಲೆಕ್ಕಾಚಾರ ಹಾಕಿಕೊಂಡು ಬಂದೂಕಿನ ಪರವಾನಗಿಗೆ ಓಡಾಡುವವರು ಈ ಒಂದು ಅಂಶವನ್ನು ಮೊದಲೇ ತಿಳಿದುಕೊಂಡರೆ ಕಚೇರಿಗಳ ಮುಂದಿನ ಸಾಲು ಅರ್ಧಕ್ಕಿಳಿದೀತು ಎಂಬುದು ನನ್ನ ಅನಿಸಿಕೆ.

ಅರ್ಜಿಯ ಹಂತ

ಅರ್ಜಿ ನಮೂನೆ ಎ-1ರಲ್ಲಿದೆ. ಅದನ್ನು ಆನ್‌ಲೈನ್‌ನಲ್ಲಿ ತುಂಬಿ, ಮುದ್ರಿತ ಪ್ರತಿಯನ್ನು ದಾಖಲೆಗಳೊಂದಿಗೆ ಜಿಲ್ಲಾಧಿಕಾರಿಗಳ ಕಚೇರಿಗೆ ಸಲ್ಲಿಸಿದೆ. ಗುರುತು ಮತ್ತು ವಾಸಸ್ಥಳದ ದಾಖಲೆ, ತಂದೆಯವರ ಮೂಲ ಪರವಾನಗಿ, ಉಳಿದ ವಾರಸುದಾರರಾದ ಅಕ್ಕ ಮತ್ತು ತಮ್ಮನ ಒಪ್ಪಿಗೆ ಪತ್ರ, ಬಂದೂಕನ್ನು ಮನೆಯಲ್ಲಿ ಎಲ್ಲಿ, ಹೇಗೆ ಭದ್ರವಾಗಿಡುತ್ತೇನೆ ಎಂಬ ಮುಚ್ಚಳಿಕೆ ಇವುಗಳ ಜೊತೆಗೆ ವೈದ್ಯರ ಪ್ರಮಾಣಪತ್ರವೂ ಇತ್ತು. ಈ ಪ್ರಮಾಣಪತ್ರವನ್ನು ಬರೀ ರಕ್ತದೊತ್ತಡ ನೋಡಿ ಬರೆದುಕೊಡುವಂತಿಲ್ಲ. ಅರ್ಜಿದಾರನ ಮಾನಸಿಕ ಆರೋಗ್ಯದ ಬಗ್ಗೆಯೂ ವೈದ್ಯರು ಅಭಿಪ್ರಾಯ ದಾಖಲಿಸಬೇಕು. ಅಕ್ಕ ಸಹಿ ಹಾಕುವ ಮೊದಲು, ಮನೆಯಲ್ಲಿ ಮಕ್ಕಳಿರುವಾಗ ಇದು ಬೇಕೇ ಎಂದು ಕೇಳಿದ್ದು ಸರಿಯಾಗಿಯೇ ಇತ್ತು. ಕಬ್ಬಿಣದ ಪೆಟ್ಟಿಗೆ ಸಿದ್ಧವಾದ ಮೇಲೆಯೇ ಬಂದೂಕು ನನ್ನ ಸುಪರ್ದಿಗೆ ಬರಬೇಕೆಂಬ ಷರತ್ತನ್ನು ಅವರು ಹಾಕಿದರು.

ಪೊಲೀಸ್ ವಿಚಾರಣೆ ಸರಾಗವಾಗಿ ಮುಗಿಯಿತು. ಠಾಣೆಯವರು ಮನೆಗೆ ಬಂದು ನೋಡಿ, ಅಕ್ಕಪಕ್ಕದವರನ್ನು ಮಾತನಾಡಿಸಿ ಹೋದರು.

ಹತ್ತು ಕಿಲೋಮೀಟರಿನ ನಿಯಮ

ಕಡತ ನಿಧಾನಗೊಂಡಿದ್ದು ನಾನು ನಿರೀಕ್ಷಿಸದ ಜಾಗದಲ್ಲಿ. ನಮ್ಮ ಊರು ರಂಗಯ್ಯನದುರ್ಗ ವನ್ಯಜೀವಿಧಾಮದ ಗಡಿಗೆ ಹತ್ತಿರದಲ್ಲಿದೆ. ಕೊಂಡುಕುರಿ ಎಂಬ ನಾಲ್ಕು ಕೊಂಬಿನ ಸಣ್ಣ ಹುಲ್ಲೆಗಾಗಿಯೇ 2011ರಲ್ಲಿ ಘೋಷಿಸಲಾದ ಧಾಮ ಇದು. ವನ್ಯಜೀವಿ ಕಾಯ್ದೆಯ 34ನೇ ಕಲಮಿನಂತೆ ಯಾವುದೇ ಅಭಯಾರಣ್ಯದ ಒಳಗೆ ಅಥವಾ ಅದರಿಂದ 10 ಕಿಲೋಮೀಟರ್ ವ್ಯಾಪ್ತಿಯಲ್ಲಿ ವಾಸಿಸುವ ಬಂದೂಕು ಪರವಾನಗಿದಾರರು, ಆ ಧಾಮದ ಘೋಷಣೆಯಾದ ಮೂರು ತಿಂಗಳೊಳಗೆ, ಮುಖ್ಯ ವನ್ಯಜೀವಿ ಪರಿಪಾಲಕರಲ್ಲಿ ಹೆಸರು ನೋಂದಾಯಿಸಲು ಅರ್ಜಿ ಸಲ್ಲಿಸಬೇಕು. ಅಷ್ಟೇ ಅಲ್ಲದೆ, ಆ 10 ಕಿಲೋಮೀಟರಿನೊಳಗೆ ಹೊಸ ಪರವಾನಗಿ ನೀಡಬೇಕಾದರೆ ಅವರ ಪೂರ್ವ ಸಹಮತಿ ಇರಲೇಬೇಕು. ಬಂದೂಕು ಹಳೆಯದಾದರೂ ನನ್ನ ಹೆಸರಿನ ಪರವಾನಗಿ ಹೊಸದು ಎಂಬ ಕಾರಣಕ್ಕೆ ಕಡತ ಅರಣ್ಯ ಇಲಾಖೆಯ ದಾರಿ ಹಿಡಿದಿದೆ.

ಇದರ ಬಗ್ಗೆ ಊರಿನಲ್ಲಿ ಗೊಣಗಾಟವಿದೆ. ನನಗೆ ಈ ನಿಯಮ ನ್ಯಾಯವಾಗಿಯೇ ಕಾಣುತ್ತದೆ. ಕೊಂಡುಕುರಿ ನಾಚಿಕೆಯ, ಗುಂಪು ಕಟ್ಟದ ಪ್ರಾಣಿ. ನಾಲ್ಕು ಕೊಂಬು ಗಂಡಿಗೆ ಮಾತ್ರ ಇರುವುದರಿಂದ, ರಾತ್ರಿ ಬ್ಯಾಟರಿ ಬೆಳಕಿನಲ್ಲಿ ಹೊಳೆಯುವ ಜೋಡಿ ಕಣ್ಣು ಹೆಣ್ಣು ಕೊಂಡುಕುರಿಯದ್ದೋ, ತಪ್ಪಿಸಿಕೊಂಡ ಮೇಕೆಯದ್ದೋ ಎಂದು ದೂರದಿಂದ ಹೇಳಲು ಪಳಗಿದವರಿಗೂ ಕಷ್ಟ. ಅದು ಅತಿ ಹೆಚ್ಚು ರಕ್ಷಣೆಯಿರುವ ಒಂದನೇ ಅನುಸೂಚಿಯ ಪ್ರಾಣಿ. ಅದನ್ನು ಕೊಂದವರಿಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಜೈಲು. ಈ ಸೀಮೆಯಲ್ಲಿ ಓಡಾಡುವ ಕರಡಿಯೂ, ಶೇಂಗಾ ಹೊಲಕ್ಕಿಳಿಯುವ ನವಿಲೂ ಅದೇ ಅನುಸೂಚಿಯಲ್ಲಿವೆ. ಇಂಥ ನೆರೆಯಲ್ಲಿ ಬಂದೂಕು ಯಾರ ಕೈಯಲ್ಲಿದೆ ಎಂಬುದು ಅರಣ್ಯ ಇಲಾಖೆಗೆ ತಿಳಿದಿರಬೇಕಾದದ್ದೇ.

ತರಬೇತಿ

ಪರವಾನಗಿ ಕೇಳುವವರು ಶಸ್ತ್ರ ಮತ್ತು ಮದ್ದುಗುಂಡುಗಳ ಸುರಕ್ಷತಾ ತರಬೇತಿ ಪಡೆದಿರಬೇಕೆಂದು 2016ರ ನಿಯಮಗಳು ಹೇಳುತ್ತವೆ. ಸುರಕ್ಷಿತವಾಗಿ ಹಿಡಿಯುವುದು ಮತ್ತು ಒಯ್ಯುವುದು, ಗುಂಡು ಹಾರಿಸುವ ಕ್ರಮ, ಬಂದೂಕಿನ ಆರೈಕೆ, ಸಂಗ್ರಹಣೆ ಮತ್ತು ಸಾಗಣೆ ಇದರ ಪಾಠಗಳು. ದಾವಣಗೆರೆಯಲ್ಲಿ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿಯಲ್ಲಿ ನಾನು ಪಾಲ್ಗೊಂಡೆ. ಈ ಇಡೀ ಪ್ರಯತ್ನದಲ್ಲಿ ನನಗೆ ಅತ್ಯಂತ ಹೆಚ್ಚು ದಕ್ಕಿದ್ದು ಇಲ್ಲಿಯೇ.

ಆರಂಭದಲ್ಲಿ ಗುಂಡು ಹಾರಿಸುವ ಮಾತೇ ಇರಲಿಲ್ಲ. ಬಂದೂಕನ್ನು ಕೈಗೆ ತೆಗೆದುಕೊಂಡ ಕೂಡಲೇ ತೆರೆದು ನೋಡುವುದು, ಬೇರೆಯವರು ಖಾಲಿ ಎಂದು ಹೇಳಿ ಕೊಟ್ಟರೂ ಮತ್ತೆ ತೆರೆದು ನೋಡುವುದು, ನಳಿಗೆಯ ಬಾಯನ್ನು ಯಾವ ಮನುಷ್ಯನ ಕಡೆಗೂ ತಿರುಗಿಸದಿರುವುದು, ಗುರಿ ನಿಶ್ಚಯವಾಗುವವರೆಗೆ ಬೆರಳನ್ನು ಟ್ರಿಗರ್ ಕಾಪಿನ ಹೊರಗೇ ಇಡುವುದು, ಇಷ್ಟನ್ನೇ ಬೇಸರ ಬರುವಷ್ಟು ಸಲ ಮಾಡಿಸಿದರು. ಜೋಡುನಳಿಗೆಯದು ಇದರಲ್ಲಿ ಒಂದು ಅನುಕೂಲವಿದೆ: ಮಧ್ಯದಲ್ಲಿ ಮಡಚಿ ತೆರೆದು ತೋಳಿನ ಮೇಲೆ ಹಾಕಿಕೊಂಡರೆ ಅದು ಸಿಡಿಯಲಾರದು ಎಂಬುದು ಎದುರಿಗಿರುವವರಿಗೂ ಕಾಣುತ್ತದೆ. ಬದುವು ದಾಟುವಾಗ, ಬೇಲಿ ಹತ್ತುವಾಗ ತೋಟಾಗಳನ್ನು ಹೊರತೆಗೆಯಬೇಕು ಎಂಬ ಪಾಠ ನಮ್ಮಂಥ ಹೊಲದವರಿಗೆ ಹೇಳಿ ಮಾಡಿಸಿದಂತಿದೆ.

ತಂದೆಯವರ ಬಂದೂಕಿನ ಮೇಲೆ ಕೆತ್ತಿರುವ 12 ಎಂಬ ಅಂಕಿಯ ಅರ್ಥವೂ ತರಬೇತಿಯಲ್ಲಿ ತಿಳಿಯಿತು. ಒಂದು ಪೌಂಡ್ ಸೀಸದಿಂದ ಸಮ ಗಾತ್ರದ 12 ಗುಂಡುಗಳನ್ನು ಮಾಡಿದರೆ ಅವುಗಳಲ್ಲಿ ಒಂದು ಹಿಡಿಯುವಷ್ಟು, ಅಂದರೆ ಸುಮಾರು 18.5 ಮಿಲಿಮೀಟರ್, ನಳಿಗೆಯ ಒಳವ್ಯಾಸ. ಚರೆಯ (ಸಣ್ಣ ಸೀಸದ ಗುಂಡುಗಳ) ತೋಟಾ ಪರಿಣಾಮಕಾರಿಯಾಗುವುದು ಹೆಚ್ಚೆಂದರೆ ನಲವತ್ತು ಮೀಟರ್ ಆಸುಪಾಸಿನವರೆಗೆ; ಆದರೆ ಸಣ್ಣ ಚರೆಗಳೇ ಇನ್ನೂರು ಮೀಟರ್ ಹತ್ತಿರ ಹಾರಿ ಹೋಗಬಲ್ಲವು, ದಪ್ಪ ಚರೆಗಳು ಅದಕ್ಕೂ ಬಹಳ ದೂರ. ಆಳೆತ್ತರದ ಮೆಕ್ಕೆಜೋಳದ ಆಚೆ ಯಾರು ನೀರು ಹಾಯಿಸುತ್ತಿದ್ದಾರೆ ಎಂಬುದು ಈಚೆ ನಿಂತವನಿಗೆ ಕಾಣುವುದಿಲ್ಲ. ಬೆದರಿಸಲು ಗಾಳಿಯಲ್ಲಿ ಹಾರಿಸಿದರಾಯಿತು ಎಂದು ವಾದಿಸುವವರಿಗೆ ನಾನೀಗ ಕೊಡುವ ಉತ್ತರ ಇದೇ. ಮದುವೆ ಮೆರವಣಿಗೆಗಳಲ್ಲಿ ಇತರರ ಜೀವಕ್ಕೆ ಅಪಾಯವಾಗುವಂತೆ ಸಂಭ್ರಮಕ್ಕೆ ಗುಂಡು ಹಾರಿಸುವುದಂತೂ 2019ರ ತಿದ್ದುಪಡಿಯ ನಂತರ ಎರಡು ವರ್ಷದವರೆಗಿನ ಜೈಲು, ಒಂದು ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡಕ್ಕೂ ದಾರಿ.

ಈಗಿನ ಸ್ಥಿತಿ

ತರಬೇತಿಯ ಪ್ರಮಾಣಪತ್ರವನ್ನು ಕಡತಕ್ಕೆ ಸೇರಿಸಿದ್ದೇನೆ. ಅರಣ್ಯ ಇಲಾಖೆಯ ಸಹಮತಿ ಬರಬೇಕಿದೆ. ಅಲ್ಲಿಯವರೆಗೆ ಬಂದೂಕು ತಂದೆಯವರ ಹೆಸರಿನಲ್ಲಿಯೇ ಇರುವುದರಿಂದ ಅದನ್ನು ಹೊಲಕ್ಕೆ ಒಯ್ಯುತ್ತಿಲ್ಲ. ಅಭ್ಯಾಸ ತಪ್ಪಬಾರದೆಂದು .177 ಬೋರಿನ ಏರ್ ರೈಫಲ್ ಒಂದನ್ನು ತಂದುಕೊಂಡಿದ್ದೇನೆ. ಆ ಬೋರಿನದಾಗಿದ್ದು ಶಕ್ತಿ 20 ಜೂಲ್ ಮೀರದಿದ್ದರೆ ಅದಕ್ಕೆ ಪರವಾನಗಿ ಬೇಕಿಲ್ಲ. ಹತ್ತು ಮೀಟರ್ ಸ್ಪರ್ಧೆಯ ಗುರಿಹಲಗೆಯಲ್ಲಿ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್ ಇರುತ್ತದೆ. ನನ್ನ ಗುಂಡುಗಳು ಸದ್ಯಕ್ಕೆ ಕಪ್ಪು ವೃತ್ತದೊಳಗೆ ಬೀಳುತ್ತಿವೆ, ಅಷ್ಟೇ.

ಹಂದಿಗಳ ವಿಷಯದಲ್ಲಿ ಈ ಹಂಗಾಮಿನಲ್ಲಿ ನಿಜವಾಗಿ ಕೆಲಸ ಮಾಡಿದ್ದು ಸೋಲಾರ್ ಬೇಲಿ. ಪರವಾನಗಿ ಬಂದರೂ ಬೇಲಿಯನ್ನು ತೆಗೆಯುವುದಿಲ್ಲ, ಇನ್ನೊಂದು ಬದಿಗೂ ವಿಸ್ತರಿಸುತ್ತೇನೆ. ಪೆಟ್ಟಿಗೆಯನ್ನು ದಾವಣಗೆರೆಯ ವೆಲ್ಡಿಂಗ್ ಅಂಗಡಿಯೊಂದರಲ್ಲಿ ಮಾಡಲು ಕೊಟ್ಟಿದ್ದೇನೆ: ದಪ್ಪ ತಗಡು, ಒಳಗಿನಿಂದ ಗೋಡೆಗೆ ಬೋಲ್ಟ್, ತೋಟಾಗಳಿಗೆ ಪ್ರತ್ಯೇಕ ಬೀಗದ ಖಾನೆ. ಅಕ್ಕ ಬಂದು ನೋಡಿ ಒಪ್ಪಿದ ಮೇಲೆ ಅದರ ಅಳತೆಗಳನ್ನೂ ತಗುಲಿದ ಖರ್ಚನ್ನೂ ಬರೆಯುತ್ತೇನೆ.