ಹಾಸನದ ನೆಲ ಅಳೆಯಲು ಹೋಗಿ ಕಡಲಿಗೆ ಬಿದ್ದೆ: ಮೂರನೇ ಕಂತು

ನೆಲದಾಳದ ಬಂಡೆಗಳಲ್ಲಿ ಕರೆಂಟ್ ಹೇಗೆ ಹರಿಯುತ್ತದೆ ಎಂದು ಲೆಕ್ಕ ಹಾಕುವ ಕೋಡ್ ಬರೆಯುತ್ತಿದ್ದೇನೆ. ಕಳೆದ ಸಲ ಒಂದು ಆಯಾಮದ, ಅಂದರೆ ಆಳ ಮಾತ್ರ ನೋಡುವ ಕೋಡ್ ಮುಗಿಸಿದ್ದೆ. ಈಗ ಎರಡು ಆಯಾಮ. ಹಾಸನದ ಮೂಲಕ ಪೂರ್ವ-ಪಶ್ಚಿಮವಾಗಿ ನೆಲವನ್ನು ಸೀಳಿ ಪಕ್ಕದಿಂದ ನೋಡಿದ ಹಾಗೆ.

ಹೊಸಬರಿಗೆ ಎರಡು ಮಾತು. ದೂರದ ಮಿಂಚು, ಸೂರ್ಯನ ಗಾಳಿ ಇವುಗಳಿಂದ ಭೂಮಿಯ ಕಾಂತಕ್ಷೇತ್ರ ಸದಾ ಅಲುಗುತ್ತಿರುತ್ತದೆ. ಅದು ಅಲುಗಿದಾಗಲೆಲ್ಲ ನೆಲದೊಳಗೆ ಸಣ್ಣ ಕರೆಂಟ್ ಹರಿಯುತ್ತದೆ. ಅಲುಗಾಟ ನಿಧಾನವಾದಷ್ಟೂ ಆಳಕ್ಕೆ ಇಳಿಯುತ್ತದೆ. ಎಷ್ಟು ಆಳ? ಬಂಡೆಯ ರೆಸಿಸ್ಟಿವಿಟಿಯನ್ನು (ಕರೆಂಟ್‌ಗೆ ಬಂಡೆ ಒಡ್ಡುವ ತಡೆ, ಓಮ್-ಮೀಟರ್‌ನಲ್ಲಿ) ಅಲೆಯ ಅವಧಿಯಿಂದ (ಒಂದು ಸಲ ಅಲುಗಲು ಹಿಡಿಯುವ ಸೆಕೆಂಡು) ಗುಣಿಸಿ, ವರ್ಗಮೂಲ ತೆಗೆದು, 503ರಿಂದ ಗುಣಿಸಿ. ಅಷ್ಟು ಮೀಟರ್ ಇಳಿಯುವಷ್ಟರಲ್ಲಿ ಅಲೆಯ ಬಲ 37 ಶೇಕಡಾ ಉಳಿದಿರುತ್ತದೆ. ನಮ್ಮ ಕಡೆಯ ಗಟ್ಟಿ ನೈಸ್ (gneiss, ಪಟ್ಟೆಪಟ್ಟೆಯ ಶಿಲೆ) ಬಂಡೆಗೆ ನಾನು 5000 ಓಮ್-ಮೀಟರ್ ಹಿಡಿದಿದ್ದೇನೆ. 1 ಸೆಕೆಂಡಿನ ಅಲೆಗೆ 35.6 ಕಿ.ಮೀ. ಬಂತು. 10 ಸೆಕೆಂಡಿಗೆ 112.

ಮೊದಲ ಎರಡು ಸಂಜೆ ಸುಮ್ನೆ ಹಾಳಾದವು. ಒಂದೇ ಬಗೆಯ ಬಂಡೆ ಇದ್ದರೆ ಫೇಸ್, ಅಂದರೆ ನೆಲದ ವಿದ್ಯುತ್ ಕ್ಷೇತ್ರಕ್ಕೂ ಕಾಂತಕ್ಷೇತ್ರಕ್ಕೂ ಅಲುಗಾಟದಲ್ಲಿ ಇರುವ ಹಿಂದುಮುಂದು, 45 ಡಿಗ್ರಿ ಬರಬೇಕು. ನನಗೆ ಮೈನಸ್ 45. ಒಂದು ಪುಸ್ತಕ ಕಾಲದ ಪದಕ್ಕೆ ಪ್ಲಸ್ ಚಿಹ್ನೆ ಹಿಡಿದಿತ್ತು, ಇನ್ನೊಂದು ಮೈನಸ್. ನಾನು ಅರ್ಧ ಅಲ್ಲಿಂದ, ಅರ್ಧ ಇಲ್ಲಿಂದ ಎತ್ತಿದ್ದೆ.

ಆಮೇಲೆ ಹೊಳೆನರಸೀಪುರದ ಕಡೆಯ ಶಿಸ್ಟ್ (ಪದರ ಪದರವಾದ ಬಂಡೆ) ಪಟ್ಟಿಯ ಹಾಗೆ ಒಂದು ಕಡಿಮೆ ರೆಸಿಸ್ಟಿವಿಟಿಯ ತುಂಡು ಇಟ್ಟೆ. ಲೆಕ್ಕಕ್ಕಾಗಿ ನೆಲವನ್ನು ಚೌಕಗಳಾಗಿ ಹಂಚಿದ ಗ್ರಿಡ್‌ನ ಗೋಡೆ, ಅಂದರೆ ಲೆಕ್ಕ ನಿಲ್ಲುವ ಅಂಚು, ಎರಡೂ ಕಡೆ 60 ಕಿ.ಮೀ. ದೂರದಲ್ಲಿತ್ತು. ಉತ್ತರ ಚೆನ್ನಾಗಿಯೇ ಕಂಡಿತು. ಅನುಮಾನ ಬಂದು ಗೋಡೆಯನ್ನು 200ಕ್ಕೆ ದೂಡಿದೆ. 10 ಸೆಕೆಂಡಿನ ಉತ್ತರ ಬದಲಾಯಿತು! ಅಲೆ 112 ಕಿ.ಮೀ. ಹರಡುವಾಗ ಗೋಡೆ 60ರಲ್ಲಿದ್ದರೆ ತಟ್ಟದೆ ಇರುತ್ತದಾ? ಈಗ 400ಕ್ಕೆ ಇಟ್ಟಿದ್ದೇನೆ. ನಡುವಿನ ಚೌಕಗಳು ಸಣ್ಣವು, ಅಂಚಿಗೆ ಹೋದಂತೆ ಒಂದೊಂದೂ ಹಿಂದಿನದರ 1.3 ಪಟ್ಟು.

ಆಗಲೇ ತಲೆಗೆ ಹೊಳೆದಿದ್ದು. ಪೂರ್ವಕ್ಕೆ 400 ಹೋದರೂ ಚೆನ್ನೈ ಸಿಗುವುದಿಲ್ಲ, ಸರಿ. ಪಶ್ಚಿಮಕ್ಕೆ? ನೇರ ಗೆರೆಯಲ್ಲಿ ಮಂಗಳೂರು ಇಲ್ಲಿಂದ 140 ಕಿ.ಮೀ. ಕೂಡ ಇಲ್ಲ. ಆಚೆ ಪೂರ್ತಿ ಉಪ್ಪುನೀರು, ಬರೀ 0.3 ಓಮ್-ಮೀಟರ್. ಅಲ್ಲಿ ನಾನು ಬಂಡೆ ತುಂಬಿಸಿಟ್ಟಿದ್ದೆ.

ಕಡಲು ಹಾಕಿ ಮತ್ತೆ ಓಡಿಸಿದೆ. ದಡದ ಹತ್ತಿರ ತೆಳುವಾಗಿ, ದೂರದಲ್ಲಿ 2 ಕಿ.ಮೀ. ಆಳ ಅಂತ ಅಂದಾಜು ಕೊಟ್ಟಿದ್ದೇನೆ. ಕರೆಂಟ್ ಕರಾವಳಿಯ ಉದ್ದಕ್ಕೆ ಹರಿಯುವ ಲೆಕ್ಕದಲ್ಲಿ, 1 ಸೆಕೆಂಡಿಗೆ ಹಳೆಯ ಗೆರೆ, ಹೊಸ ಗೆರೆ ಒಂದರ ಮೇಲೊಂದು ಕೂತವು. 1000 ಸೆಕೆಂಡಿಗೆ ಎರಡೂ ಬೇರೆ ಬೇರೆ ದಾರಿ ಹಿಡಿದವು. ಹಾಸನದ ಆಳ ಕೇಳಿದರೆ ಕಡಲೂ ಬಾಯಿ ಹಾಕುತ್ತದೆ.

ಅಪ್ಪ ಪರದೆ ನೋಡಿ, "ತೋಟದಲ್ಲಿ ಬೋರ್‌ವೆಲ್ ಪಾಯಿಂಟ್ ಎಲ್ಲಿ ಅಂತ ಹೇಳುತ್ತದೇನೋ ಇದು?" ಅಂದರು. ಇಲ್ಲ ಅಪ್ಪ, ಅದಕ್ಕೆ ಸೆಕೆಂಡಿಗೆ ಸಾವಿರಗಟ್ಟಲೆ ಸಲ ಅಲುಗುವ ಅಲೆ ಬೇಕು, ಅಂದೆ. ಅವರಿಗೆ ಅಷ್ಟೇನೂ ಸಮಾಧಾನ ಆಗಲಿಲ್ಲ.

ಶಿರಾಡಿ ಘಾಟಿ ಇನ್ನೂ ಬಾಕಿ. ಸದ್ಯಕ್ಕೆ ನನ್ನ ಮಾಡೆಲ್‌ನಲ್ಲಿ ಹಾಸನ, ಮಂಗಳೂರು ಎರಡೂ ಒಂದೇ ಮಟ್ಟದಲ್ಲಿವೆ.